‘ನಿಮ್ದು ಯಾವೂರು ಮೇಡಂ?’: ಕ್ಲೈಂಟ್ ಕೇಳಿದಾಗ ಕೌನ್ಸೆಲರ್ ತನ್ನ ಬಗ್ಗೆ ಎಷ್ಟು ಹೇಳ್ಬೇಕು, ಹೇಗೆ ಹೇಳ್ಬೇಕು

ಇದು ಮುಖ್ಯವಾಗಿ ಹೊಸದಾಗಿ ಕೌನ್ಸೆಲಿಂಗ್ ಶುರು ಮಾಡಿರೋರಿಗೆ. ಎಂಎಸ್ಸಿ ಸೈಕಾಲಜಿನೋ ಎಂಎಸ್‌ಡಬ್ಲ್ಯೂನೋ ಮುಗಿಸಿ ಯಾವುದೋ ಆಸ್ಪತ್ರೆಲಿ, ಕಾಲೇಜಲ್ಲಿ, ಎನ್‌ಜಿಓಲಿ ಕೂತ್ಕೊಂಡು, ಎದುರಿನ ಕುರ್ಚಿಯಿಂದ ಬರೋ ಪ್ರಶ್ನೆಗೆ ಏನ್ ಹೇಳೋದು ಅಂತ ತಬ್ಬಿಬ್ಬಾಗಿರೋರಿಗೆ. ಥೆರಪಿಗೆ ಹೋಗ್ತಿರೋರೂ ಓದಿ, ಕೊನೇಲಿ ನಿಮಗೂ ಒಂದು ಭಾಗ ಇಟ್ಟಿದೀನಿ.

ಕ್ಲಾಸಲ್ಲಿ ಹೇಳ್ಕೊಡೋದು ಏನಂದ್ರೆ, ನಿಮ್ಮ ಬಗ್ಗೆ ಏನೂ ಹೇಳ್ಬೇಡಿ, ಕೇಳಿದ್ರೆ "ಅದನ್ನ ಯಾಕೆ ಕೇಳ್ಬೇಕು ಅನ್ಸ್ತು ನಿಮಗೆ" ಅಂತ ಪ್ರಶ್ನೆನ ವಾಪಸ್ ಕಳಿಸಿ ಅಂತ. ಸರಿ, ಇದನ್ನ ತಗೊಂಡ್ಹೋಗಿ ನಾಗಮಂಗಲದಿಂದ ಬೆಳಗಿನ ಬಸ್ ಹತ್ತಿ ಬಂದಿರೋ ವಯಸ್ಸಾದ ಅಮ್ಮನ ಮುಂದೆ ಪ್ರಯೋಗ ಮಾಡಿ ನೋಡಿ. ಅವ್ರು "ನಿಮ್ದು ಯಾವೂರವ್ವ" ಅಂತಾರೆ, ನೀವು "ಅದು ನಿಮಗೆ ಯಾಕೆ ಮುಖ್ಯ" ಅಂತೀರಿ, ಅಲ್ಲಿಗೆ ಮುಗೀತು. ಆ ಅಮ್ಮ ಮುಂದಿನ ವಾರ ಬರಲ್ಲ. ನಮ್ಮ ಕಡೆ ಊರು ಕೇಳೋದು ಅಂದ್ರೆ ಕುಶಲ ಕೇಳಿದ ಹಾಗೆ, ಅದರಲ್ಲಿ ಗೂಢಾರ್ಥ ಹುಡುಕೋಕೆ ಹೋದ್ರೆ ಅವ್ರಿಗೆ ಇವಳೇನೋ ಜಂಬದೋಳು ಅಂತಷ್ಟೇ ಅರ್ಥ ಆಗೋದು.

ಹಾಗಂತ ಕೇಳಿದ್ದಕ್ಕೆಲ್ಲ ಮನೆ ಕಥೆ ಬಿಚ್ಚೋದೂ ಅಲ್ಲ. ಎರಡರ ಮಧ್ಯೆ ದಾರಿ ಇದೆ, ಅದನ್ನ ಅಭ್ಯಾಸ ಮಾಡ್ಕೋಬೇಕು ಅಷ್ಟೇ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ: ಏನ್ ಹೇಳಿದ್ರಿ ಅನ್ನೋದಕ್ಕಿಂತ, ಹೇಳಾದ್ಮೇಲಿನ ಒಂದು ನಿಮಿಷ ಏನ್ ಮಾಡಿದ್ರಿ ಅನ್ನೋದೇ ಕೆಲಸ ಕೆಡಿಸೋದು ಅಥವಾ ಉಳಿಸೋದು.

ಈ ‘ಏನೂ ಹೇಳ್ಬೇಡಿ’ ಎಲ್ಲಿಂದ ಬಂತು

ಹೆಜ್ಜೆಗಳಿಗೆ ಹೋಗೋ ಮುಂಚೆ ಇದು ಸ್ವಲ್ಪ ಗೊತ್ತಿರ್ಲಿ, ಯಾಕಂದ್ರೆ ಸೂಪರ್‌ವೈಸರ್ ಜೊತೆ ವಾದ ಮಾಡೋಕಾದ್ರೂ ಬೇಕಾಗತ್ತೆ. 1912ರಲ್ಲಿ, ಮನೋವಿಶ್ಲೇಷಣೆ ಅನ್ನೋ ಚಿಕಿತ್ಸೆ ಶುರು ಮಾಡಿದ ಫ್ರಾಯ್ಡ್ ಬರೆದಿದ್ದು, ಡಾಕ್ಟರು ರೋಗಿಗೆ ಕನ್ನಡಿ ಥರ ಇರ್ಬೇಕು, ರೋಗಿ ತೋರಿಸಿದ್ದನ್ನ ಬಿಟ್ಟು ತನ್ನದೇನನ್ನೂ ತೋರಿಸ್ಬಾರ್ದು ಅಂತ. ತಮಾಷೆ ಅಂದ್ರೆ ಅವ್ರೇ ಅದನ್ನ ಪಾಲಿಸ್ಲಿಲ್ಲ. ವಿಯೆನ್ನಾದಲ್ಲಿ ಅವರ ಕನ್ಸಲ್ಟಿಂಗ್ ರೂಮು ಇದ್ದಿದ್ದು ಅವರ ಮನೆ ಇದ್ದ ಬಿಲ್ಡಿಂಗಲ್ಲೇ, ರೂಮಿನ ತುಂಬ ಅವ್ರು ಸಂಗ್ರಹಿಸಿದ ಹಳೇ ವಿಗ್ರಹಗಳು, ಕೊನೆಕೊನೆಗೆ ಸೆಷನ್ನಲ್ಲಿ ಅವರ ನಾಯಿನೂ ಇರ್ತಿತ್ತು. ಹಸಿದು ಬಂದಿದ್ದ ಒಬ್ಬ ಪೇಷೆಂಟ್‌ಗೆ ಊಟ ಹಾಕಿದ್ದನ್ನೂ ತಮ್ಮ ನೋಟ್ಸಲ್ಲಿ ಬರ್ಕೊಂಡಿದ್ದಾರೆ. ಅಂದ್ರೆ ಗುರುಗಳು ಹೇಳಿದ್ದನ್ನ ಶಿಷ್ಯರು ಗುರುಗಳಿಗಿಂತ ಗಟ್ಟಿಯಾಗಿ ಹಿಡ್ಕೊಂಡ್ರು.

1957ರಲ್ಲಿ ಕಾರ್ಲ್ ರೋಜರ್ಸ್ ಅನ್ನೋ ಅಮೆರಿಕದ ಸೈಕಾಲಜಿಸ್ಟ್ ಬೇರೆ ಮಾತು ಹೇಳಿದ್ರು. ಥೆರಪಿಸ್ಟ್ ಮುಖವಾಡ ಹಾಕ್ಕೊಂಡು ಕೂರ್ಬಾರ್ದು, ಒಳಗಿರೋದಕ್ಕೂ ಹೊರಗೆ ಕಾಣೋದಕ್ಕೂ ತಾಳೆ ಇರ್ಬೇಕು ಅಂತ. ನಮ್ಮ ಬೆಂಗಳೂರಿಂದಾನೇ, ಆಗಿನ್ನೂ ನಿಮ್ಹಾನ್ಸ್ ಅನ್ನೋ ಹೆಸರು ಬಂದಿರ್ಲಿಲ್ಲ, ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಂತಿತ್ತು, ಅಲ್ಲಿಂದ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ 1964ರಲ್ಲಿ ಒಂದು ಲೇಖನ ಬರೆದ್ರು. ನಮ್ಮ ಪೇಷೆಂಟ್‌ಗಳು ಮನಸ್ಸಿನ ಆಳದ ವಿವರಣೆ ಕೇಳೋದಕ್ಕಿಂತ ನೇರವಾದ ಆಸರೆನ ಬೇಗ ಒಪ್ಕೊಳ್ತಾರೆ, ತಮ್ಮ ಬೇಡಿಕೆಗಳನ್ನ ಒತ್ತಾಯ ಮಾಡಿ ಇಡ್ತಾರೆ, ಥೆರಪಿಸ್ಟನ್ನ ಮನೆ ಹಿರಿಯರ ಜಾಗದಲ್ಲಿ ನೋಡ್ತಾರೆ ಅನ್ನೋದು ಅದರ ಸಾರ. 1973ರಲ್ಲಿ ಜೆ.ಎಸ್. ನೇಕಿ ಅನ್ನೋ ಸೈಕಿಯಾಟ್ರಿಸ್ಟ್ ಗುರು-ಶಿಷ್ಯ ಸಂಬಂಧನೇ ನಮ್ಮ ಥೆರಪಿಗೆ ಮಾದರಿ ಆಗ್ಬಹುದು ಅಂದ್ರು. ಇದನ್ನೆಲ್ಲ ಪೂರ್ತಿ ಒಪ್ಬೇಕು ಅಂತಿಲ್ಲ, ಇವತ್ತು ಕೋರಮಂಗಲದ ಐಟಿ ಹುಡುಗಿಗೆ ಗುರು ಬೇಕಾಗಿಲ್ಲ. ಆದ್ರೆ ಮುಖಕ್ಕೆ ಗೋಡೆ ಕಟ್ಕೊಂಡು ಕೂತ್ರೆ ಇಲ್ಲಿ ನಡೆಯಲ್ಲ ಅನ್ನೋದನ್ನ ನಮ್ಮವ್ರು ಅರವತ್ತು ವರ್ಷದ ಹಿಂದೆನೇ ಗಮನಿಸಿದ್ರು ಅನ್ನೋದು ಮುಖ್ಯ.

2001ರಲ್ಲಿ ಅಮೆರಿಕದಲ್ಲಿ ಬ್ಯಾರೆಟ್ ಮತ್ತು ಬರ್ಮನ್ ಅಂತ ಇಬ್ರು ಒಂದು ಪ್ರಯೋಗ ಮಾಡಿದ್ರು. ಒಬ್ಬೊಬ್ಬ ಥೆರಪಿಸ್ಟೂ ಒಬ್ಬ ಕ್ಲೈಂಟ್ ಹತ್ರ ತನ್ನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಇನ್ನೊಬ್ಬ ಕ್ಲೈಂಟ್ ಹತ್ರ ಕಮ್ಮಿ ಹೇಳ್ಬೇಕು. ಜಾಸ್ತಿ ಹೇಳಿಸ್ಕೊಂಡ ಕ್ಲೈಂಟ್‌ಗಳಿಗೆ ಸಂಕಟ ಹೆಚ್ಚು ಇಳೀತು, ಥೆರಪಿಸ್ಟ್ ಮೇಲೆ ಅಭಿಮಾನನೂ ಜಾಸ್ತಿ ಇತ್ತು. ಇಲ್ಲಿ ಗಮನಿಸ್ಬೇಕಾದ್ದು, ಕ್ಲೈಂಟ್ ಏನೋ ಹೇಳ್ಕೊಂಡಾಗ ಅದಕ್ಕೆ ಜೋಡಿಯಾಗಿ ಚಿಕ್ಕದಾಗಿ ಹೇಳಿದ್ದು ಅದು, ಗಂಟೆಗಟ್ಟಲೆ ಸ್ವಂತ ಪುರಾಣ ಅಲ್ಲ.

ಹೆಜ್ಜೆ 1: ಬಾಯಿ ಬಿಡೋ ಮುಂಚೆನೇ ಏನೇನ್ ಹೇಳ್ಬಿಟ್ಟಿದೀರಿ ಅಂತ ಲೆಕ್ಕ ಹಾಕಿ

ಕ್ಲೈಂಟ್ ನಿಮ್ಮ ನಂಬರ್ ಸೇವ್ ಮಾಡ್ಕೊಂಡ ತಕ್ಷಣ ವಾಟ್ಸಾಪ್ ಡಿಪಿ ಕಾಣತ್ತೆ. ಗಂಡ ಮಕ್ಕಳ ಜೊತೆ ಧರ್ಮಸ್ಥಳದ ಫೋಟೋ. ನೀವೂ ಅವ್ರ ನಂಬರ್ ಸೇವ್ ಮಾಡ್ಕೊಂಡಿದ್ರೆ ಸ್ಟೇಟಸ್ಸೂ ಕಾಣತ್ತೆ, ತಂಗಿ ಸೀಮಂತ, ಮನೆ ಗೃಹಪ್ರವೇಶ, ಎಲ್ಲ. ಎರಡು ಸಲ ಮಗು ಕಳ್ಕೊಂಡು ನಿಮ್ಮ ಹತ್ರ ಬರ್ತಿರೋ ಹೆಣ್ಣುಮಗಳು ರಾತ್ರಿ ಹನ್ನೊಂದಕ್ಕೆ ಆ ಸೀಮಂತದ ಸ್ಟೇಟಸ್ ನೋಡ್ತಾಳೆ ಅಂತ ಒಂದು ಸಲ ಯೋಚನೆ ಮಾಡಿ. ಫೀಸು ಫೋನ್‌ಪೇ ಮಾಡಿದ್ರೆ ಬ್ಯಾಂಕಲ್ಲಿರೋ ನಿಮ್ಮ ಪೂರ್ತಿ ಹೆಸರು ಬರತ್ತೆ, ಬೋರ್ಡ್ ಮೇಲೆ ಬರೀ ‘ಸುಮಾ’ ಅಂತಿದ್ರೂ ಅಲ್ಲಿ ಗೌಡ, ಪಾಟೀಲ್, ಭಟ್, ಶೆಟ್ಟಿ ಅಂತ ಬಂದ್ಬಿಟ್ರೆ ಜಾತಿ, ಊರ ಕಡೆ ಎರಡೂ ಗೊತ್ತಾಯ್ತು. ಇನ್ನು ಮಾತು. "ಹಿಂಗ್ಯಾಕ ಮಾಡಿದ್ರಿ" ಅಂದ್ರೆ ಧಾರವಾಡ ಕಡೆ, "ಎಂತ ಮಾರಾಯ್ರೆ" ಅಂದ್ರೆ ಮಂಗಳೂರು ಕಡೆ, ಯಾರೂ ಕೇಳ್ಬೇಕಾಗೇ ಇಲ್ಲ. ತಾಳಿ, ಕಾಲುಂಗುರ, ಕುಂಕುಮ, ವಿಭೂತಿ, ಟೇಬಲ್ ಮೇಲಿನ ದೇವ್ರ ಫೋಟೋ, ಮನೇಲೇ ಪ್ರಾಕ್ಟೀಸ್ ಇದ್ರೆ ಅಡುಗೆಮನೆಯಿಂದ ಬರೋ ಕುಕ್ಕರ್ ಸೀಟಿ.

ಇದನ್ನೆಲ್ಲ ಕಿತ್ತಾಕಿ ಅಂತ ನಾನು ಹೇಳ್ತಿಲ್ಲ. ತಾಳಿ ತೆಗ್ದಿಟ್ಟು ಸೆಷನ್ ಮಾಡೋಕಾಗತ್ತಾ. ಆದ್ರೆ ನಿಮ್ಮ ಕೈಲಿರೋದನ್ನ ಸರಿ ಮಾಡ್ಕೊಳ್ಳಿ:

- ಕೆಲಸಕ್ಕೆ ಬೇರೆ ನಂಬರ್, ಸಾಧ್ಯ ಆದ್ರೆ ಬೇರೆ ಫೋನೇ ಇಡಿ. ಆ ವಾಟ್ಸಾಪಲ್ಲಿ ಡಿಪಿ ನಿಮ್ಮೊಬ್ಬರದೇ ಸಾದಾ ಫೋಟೋ, ಸ್ಟೇಟಸ್ ಹಾಕೋದೇ ಬೇಡ.
- ಇನ್‌ಸ್ಟಾ, ಫೇಸ್‌ಬುಕ್ ಪರ್ಸನಲ್ ಅಕೌಂಟ್ ಪ್ರೈವೇಟ್ ಮಾಡಿ. ಕ್ಲೈಂಟ್ ರಿಕ್ವೆಸ್ಟ್ ಕಳ್ಸಿದ್ರೆ ಸುಮ್ನೆ ಇಗ್ನೋರ್ ಮಾಡ್ಬೇಡಿ, ಮುಂದಿನ ಸೆಷನ್ನಲ್ಲಿ "ನಿಮ್ಮ ರಿಕ್ವೆಸ್ಟ್ ನೋಡಿದೆ, ನಾನು ಕ್ಲೈಂಟ್‌ಗಳನ್ನ ಅಲ್ಲಿ ಸೇರಿಸ್ಕೊಳ್ಳಲ್ಲ, ಬೇಜಾರಾಯ್ತಾ?" ಅಂತ ನೀವೇ ಎತ್ತಿ.
- ನಿಮ್ಮ ಹೆಸರು ಗೂಗಲ್ ಮಾಡಿ ನೋಡಿ, ಟ್ರೂಕಾಲರಲ್ಲಿ ಏನಂತ ಬರತ್ತೆ ಅಂತಾನೂ. ಕ್ಲೈಂಟ್ ಆಗ್ಲೇ ನೋಡಿರ್ತಾರೆ.
- ವಿಡಿಯೋ ಸೆಷನ್ ಆದ್ರೆ ಹಿಂದೆ ಏನ್ ಕಾಣತ್ತೆ ಅಂತ ಚೆಕ್ ಮಾಡಿ. ದುಬೈನಿಂದಲೋ ನ್ಯೂಜೆರ್ಸಿಯಿಂದಲೋ ಕನ್ನಡದಲ್ಲಿ ಮಾತಾಡೋಕೆ ಅಂತಾನೇ ನಿಮ್ಮನ್ನ ಹುಡುಕ್ಕೊಂಡು ಬಂದಿರೋರಿಗೆ ನಿಮ್ಮ ಹಿಂದಿರೋ ಮನೆ ನೋಡಿದ್ರೇನೇ ಊರು ನೆನಪಾಗಿ ಕಣ್ಣು ತುಂಬ್ಕೊಳ್ಳತ್ತೆ.

ಹೆಜ್ಜೆ 2: ಬರೋ ಪ್ರಶ್ನೆಗಳು ಗೊತ್ತಿರೋವೇ, ಉತ್ತರ ಮೊದ್ಲೇ ಇಟ್ಕೊಳ್ಳಿ

ಊರು ಯಾವ್ದು, ಮದ್ವೆ ಆಗಿದ್ಯಾ, ಮಕ್ಕಳೆಷ್ಟು, ಎಲ್ಲಿ ಓದಿದ್ದು, ಎಷ್ಟು ವರ್ಷ ಆಯ್ತು ಕೆಲಸ ಶುರು ಮಾಡಿ, ವಯಸ್ಸೆಷ್ಟು, ದೇವ್ರನ್ನ ನಂಬ್ತೀರಾ, ಯಾವ ಜನ, ನಿಮಗೂ ಹೀಗೆ ಆಗಿತ್ತಾ. ಇದಿಷ್ಟೇ, ಸುತ್ತಿ ಸುತ್ತಿ ಇವೇ ಬರೋದು. ಒಂದು ಹಾಳೆ ತಗೊಂಡು ಒಂದೊಂದಕ್ಕೂ ನಿಮ್ಮ ಉತ್ತರ ಒಂದೇ ಸಾಲಲ್ಲಿ ಬರೆದು, ಬಾಯಿಬಿಟ್ಟು ಹೇಳಿ ನೋಡಿ.

ಓದು, ಟ್ರೈನಿಂಗು, ಅನುಭವ, ಫೀಸು, ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ರಿಜಿಸ್ಟ್ರೇಷನ್ ಇದ್ಯಾ ಅನ್ನೋದು ನಿಮ್ಮ ಪರ್ಸನಲ್ ವಿಷಯ ಅಲ್ವೇ ಅಲ್ಲ. ಕೇಳೋದು ಅವ್ರ ಹಕ್ಕು, ನೇರವಾಗಿ ಹೇಳಿ, ಅಲ್ಲಿ "ಯಾಕೆ ಕೇಳ್ತಿದೀರಿ" ಅಂತ ಎಳೀಬೇಡಿ. ಟ್ರೈನಿ ಆಗಿದ್ರೆ ಟ್ರೈನಿ ಅಂತಾನೇ ಹೇಳಿ, ಹಿರಿಯರೊಬ್ರು ಮೇಲ್ವಿಚಾರಣೆ ಮಾಡ್ತಾರೆ ಅಂತಾನೂ ಹೇಳಿ. ಊರು, ಮದ್ವೆ, ಮಕ್ಕಳು, ಇದು ಮಧ್ಯದ್ದು, ಒಂದು ಸಾಲು ಹೇಳಿದ್ರೆ ಆಕಾಶ ಬೀಳಲ್ಲ, ಹೇಳೋಕೆ ಇಷ್ಟ ಇಲ್ದಿದ್ರೂ ಸರಿ. ಮೂರನೇ ಥರದ್ದು ನಿಮ್ಮ ಕಾಯಿಲೆ, ನಿಮ್ಮ ಸಂಸಾರದ ಜಗಳ, ಸಾಲ, ಹಳೇ ಗಾಯ, ಇದಕ್ಕೆ ಯಾರೋ ಕೇಳಿದ ಕೂಡ್ಲೇ ಆ ಕುರ್ಚಿಲೇ ಕೂತು ನಿರ್ಧಾರ ತಗೋಬೇಡಿ. "ಈ ಪ್ರಶ್ನೆಗೆ ಯೋಚನೆ ಮಾಡಿ ಮುಂದಿನ ಸಲ ಹೇಳ್ತೀನಿ" ಅನ್ನೋದಕ್ಕೆ ನಾಚಿಕೆ ಏನಿಲ್ಲ, ಆದ್ರೆ ಮುಂದಿನ ಸಲ ಅವ್ರು ಮರೆತಿದ್ರೂ ನೀವು ಮರೀಬೇಡಿ.

ಸುಳ್ಳು ಮಾತ್ರ ಬೇಡ. ಮದ್ವೆ ಆಗಿಲ್ದಿದ್ರೂ ಆಗಿದೆ ಅಂತ ಹೇಳಿ ತಪ್ಪಿಸ್ಕೊಳ್ಳೋರನ್ನ ನೋಡಿದೀನಿ, ಚಿಕ್ಕ ಊರಲ್ಲಿ ಅದು ಎರಡು ತಿಂಗಳೂ ನಿಲ್ಲಲ್ಲ. ಕಲ್ಯಾಣ ಮಂಟಪದಲ್ಲಿ ಊಟದ ಪಂಕ್ತೀಲಿ ಪಕ್ಕದಲ್ಲೇ ಕೂತಿರ್ತಾರೆ ನಿಮ್ಮ ಕ್ಲೈಂಟು, ಅವ್ರ ಚಿಕ್ಕಮ್ಮ ನಿಮ್ಮ ಅಮ್ಮನ ಗೆಳತಿ ಆಗಿರ್ತಾರೆ.

ಹೆಜ್ಜೆ 3: ಚಿಕ್ಕ ಉತ್ತರ, ಆಮೇಲೆ ಮಾತನ್ನ ಅವ್ರ ಹತ್ರಾನೇ ಬಿಡಿ

ಇದೇ ಅಸಲು ಕೆಲಸ. ಒಂದು ಉದಾಹರಣೆ ಪೂರ್ತಿ ಬರೀತೀನಿ, ಕಲ್ಪನೆದು, ಆದ್ರೆ ಈ ಕೆಲಸ ಮಾಡೋ ಹೆಣ್ಣುಮಕ್ಕಳಿಗೆಲ್ಲ ಇಂಥದ್ದು ಒಂದಲ್ಲ ಒಂದು ದಿನ ಎದುರಾಗತ್ತೆ. ಸೊಸೆ ಜೊತೆ ಜಗಳ ಅಂತ ಬಂದಿರೋ ಐವತ್ತೆಂಟರ ಹೆಂಗಸು, ಎದುರಿಗೆ ಇಪ್ಪತ್ತಾರರ ಕೌನ್ಸೆಲರ್.

"ಅಲ್ಲ ಮಗಳೇ, ನಿಂಗೆ ಮದ್ವೆ ಆಗಿದ್ಯಾ?"

"ಇಲ್ಲಮ್ಮ, ಆಗಿಲ್ಲ."

"ಮತ್ತೆ ನಿಂಗೇನ್ ಗೊತ್ತಾಯ್ತದೆ ಬಿಡು, ಅತ್ತೆ ಸೊಸೆ ವಿಷ್ಯ."

"ಮದ್ವೆನೇ ಆಗ್ದೇ ಇರೋಳ ಹತ್ರ ಇದನ್ನೆಲ್ಲ ಹೇಳಿ ಏನ್ ಪ್ರಯೋಜನ ಅನ್ಸ್ತಿದ್ಯಾ?"

"ಹೂಂ ಮತ್ತೆ."

"ಅನ್ಸೋದು ಸರಿನೇ ಅಮ್ಮ. ಒಂದು ಕೆಲಸ ಮಾಡಿ, ನಂಗೆ ತಿಳೀಲಿಲ್ಲ ಅಂತ ನಿಮಗೆ ಎಲ್ಲಿ ಅನ್ಸತ್ತೋ ಅಲ್ಲೇ ನಿಲ್ಸಿ ನನಗೆ ಹೇಳಿ. ಈಗ ನಿಮ್ಮ ಮನೇಲಿ ನಿಮ್ಮ ಕಷ್ಟ ಯಾರಿಗಾದ್ರೂ ತಿಳಿಯತ್ತಾ?"

ಅಷ್ಟೊತ್ತೂ ಸೊಸೆ ಅಡುಗೆ ಬಗ್ಗೆ ಮಾತಾಡ್ತಿದ್ದೋರು ಈ ಪ್ರಶ್ನೆಗೆ ಸುಮ್ನಾಗ್ತಾರೆ ನೋಡಿ. ಮದ್ವೆ ಆಗಿದ್ಯಾ ಅಂತ ಕೇಳಿದ್ದು ನಿಮ್ಮ ಬಗ್ಗೆ ತಿಳ್ಕೊಳ್ಳೋಕಲ್ಲ, ತನ್ನ ಮಾತು ಯಾರಿಗೂ ನಾಟ್ತಿಲ್ಲ ಅನ್ನೋ ಸಂಕಟದಿಂದ. ಉತ್ತರ ಕೊಡ್ದೇ ಇದ್ದಿದ್ರೆ ಅವ್ರಿಗೆ ಅವಮಾನ, "ಇಲ್ಲಮ್ಮ ಆಗಿಲ್ಲ, ನಮ್ಮನೇಲೂ ಗಂಡು ನೋಡ್ತಿದಾರೆ, ನಮ್ಮ ಅತ್ತಿಗೆನೂ ಹೀಗೇ" ಅಂತ ಶುರು ಮಾಡಿದ್ರೆ ಮುಂದಿನ ಇಪ್ಪತ್ತು ನಿಮಿಷ ಅವ್ರು ನಿಮಗೆ ಗಂಡು ಹುಡುಕ್ತಾ ಕೂರ್ತಾರೆ. ಸತ್ಯವಾಗ್ಲೂ.

ಕ್ರಮ ಇಷ್ಟೇ: ಒಂದು ಸಾಲಲ್ಲಿ ನಿಜ ಹೇಳಿ, ಪ್ರಶ್ನೆಯ ಹಿಂದಿರೋ ಅನುಮಾನನ ನೀವೇ ಬಾಯಿಬಿಟ್ಟು ಹೇಳಿ, ಅವ್ರ ಬದುಕಿನ ಕಡೆಗೆ ಒಂದು ಪ್ರಶ್ನೆ ಕೇಳಿ. ಆಮೇಲೆ ಮುಖ ನೋಡಿ, ಹಗುರ ಆದ್ರಾ, ಇನ್ನೂ ಬಿಗಿ ಆದ್ರಾ. ಮುಂದೆ ಎಷ್ಟು ಹೇಳ್ಬಹುದು ಅಂತ ಆ ಮುಖನೇ ಹೇಳತ್ತೆ, ಪುಸ್ತಕ ಅಲ್ಲ.

ಹೆಜ್ಜೆ 4: ಯಾರೂ ಕೇಳ್ದೇ ನಿಮಗೇ ಹೇಳ್ಬೇಕು ಅನ್ಸಿದಾಗ

ಇಲ್ಲಿ ಅಪಾಯ ಜಾಸ್ತಿ, ಯಾಕಂದ್ರೆ ಇಲ್ಲಿ ತಳ್ತಿರೋದು ನಿಮ್ಮ ಮನಸ್ಸು. ಕ್ಲೈಂಟ್ ತಂದೆ ತೀರ್ಕೊಂಡಿದ್ದನ್ನ ಹೇಳ್ತಿದ್ದಾರೆ, ನಿಮ್ಮ ತಂದೆನೂ ಹೋದ ವರ್ಷ ಹೋದ್ರು, ಬಾಯಿ ತುದಿಗೆ ಬರತ್ತೆ. ಹೇಳಿದ್ರಿ ಅನ್ಕೊಳ್ಳಿ. ನಮ್ಮ ಜನ ಸಾವಿನ ಸುದ್ದಿ ಕೇಳಿ ಸುಮ್ನಿರ್ತಾರಾ? "ಅಯ್ಯೋ ಹೌದಾ ಸಾರ್, ಏನಾಗಿತ್ತು, ವಯಸ್ಸೆಷ್ಟು, ಯಾವ ಆಸ್ಪತ್ರೆ, ಅಮ್ಮ ಈಗ ಯಾರ ಜೊತೆ ಇದಾರೆ?" ಅದು ಅವ್ರ ಒಳ್ಳೇತನ, ಆದ್ರೆ ಅಷ್ಟರಲ್ಲಿ ದುಡ್ಡು ಕೊಟ್ಟು ಬಂದೋರು ನಿಮಗೆ ಸಮಾಧಾನ ಹೇಳ್ತಾ ಕೂತಾಯ್ತು, ಅವ್ರ ಅಳು ಅಲ್ಲೇ ನಿಂತ್ಹೋಯ್ತು.

ಅದಕ್ಕೆ ಬಾಯಿ ತೆಗೆಯೋ ಮುಂಚೆ ಒಂದು ಉಸಿರು ತಗೊಂಡು ಕೇಳ್ಕೊಳ್ಳಿ: ಇದನ್ನ ಹೇಳಿದ್ರೆ ಹಗುರ ಆಗೋದು ಅವ್ರಿಗಾ ನನಗಾ? ಈ ಗಾಯ ಮಾಗಿದ್ಯಾ, ಹೇಳುವಾಗ ನನ್ನ ದನಿ ನಡುಗಲ್ವಾ? ಇದು ನನ್ನದೊಬ್ಬನದೇ ಕಥೆನಾ, ಅಥವಾ ಹೆಂಡ್ತಿದು, ಮಗಂದು, ತಮ್ಮಂದು? ಬೇರೆಯವ್ರದಾದ್ರೆ ಹೇಳೋ ಅಧಿಕಾರ ನಿಮಗಿಲ್ಲ. ಇದು ಊರಿಗೆಲ್ಲ ಗೊತ್ತಾದ್ರೂ ನನಗೆ ಪರವಾಗಿಲ್ವಾ?

ಕೊನೇ ಪ್ರಶ್ನೆನ ಹೊಸಬರು ಯೋಚ್ನೆನೇ ಮಾಡಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಗೋಪ್ಯತೆ ಕಾಪಾಡೋ ಕರ್ತವ್ಯ ಚಿಕಿತ್ಸೆ ಕೊಡೋರದ್ದು. ಕ್ಲೈಂಟ್‌ಗೆ ಅಂಥ ಕಟ್ಟುಪಾಡಿಲ್ಲ, ಇರ್ಲೂಬಾರ್ದು. ನೀವು ಹೇಳಿದ್ದನ್ನ ಅವ್ರು ಗಂಡನಿಗೆ ಹೇಳ್ಬಹುದು, ಸಂತೇಲಿ ಹೇಳ್ಬಹುದು, ಗೂಗಲ್ ರಿವ್ಯೂಲಿ ಬರೀಬಹುದು. ಹಾಗಾಗ್ಬಾರ್ದು ಅಂತ "ಇದು ನಮ್ಮಿಬ್ರಲ್ಲೇ ಇರ್ಲಿ" ಅಂದ್ರೋ, ಅದು ಇನ್ನೂ ಕೆಟ್ಟದ್ದು, ಈಗ ಅವ್ರ ತಲೆ ಮೇಲೆ ನಿಮ್ಮ ಗುಟ್ಟಿನ ಮೂಟೆನೂ ಹೊರಿಸಿದ್ರಿ. ‘ಯಾರಿಗೂ ಹೇಳ್ಬೇಡಿ’ ಅಂತ ಸೇರಿಸ್ಬೇಕು ಅನ್ಸೋ ಮಾತಾದ್ರೆ ಅದನ್ನ ಆಡಲೇಬೇಡಿ, ಸೂಪರ್‌ವೈಸರ್ ಹತ್ರ ತಗೊಂಡ್ಹೋಗಿ.

ಕೇಳ್ದೇನೇ ಹೇಳ್ಬಹುದಾದ್ದು ಒಂದಿದೆ, ಅದನ್ನ ನಾವು ಕಮ್ಮಿ ಬಳಸ್ತೀವಿ. ನಿಮ್ಮ ಬದುಕಿನ ಸಂಗತಿ ಅಲ್ಲ, ಈ ಕ್ಷಣ ಈ ರೂಮಲ್ಲಿ ನಿಮಗೆ ಏನಾಗ್ತಿದೆ ಅನ್ನೋದು. "ನೀವು ನಗ್ತಾ ಇದನ್ನ ಹೇಳಿದ್ರಿ, ಆದ್ರೆ ಕೇಳ್ತಾ ನನಗೆ ಗಂಟಲು ಕಟ್ತು." "ಕಳೆದ ಎರಡು ಸಲದಿಂದ ನೀವು ನನ್ನಿಂದ ದೂರ ಹೋಗ್ತಿದೀರೇನೋ ಅನ್ಸ್ತಿದೆ, ನಿಮಗೂ ಹಾಗೆ ಅನ್ಸಿದ್ಯಾ?" ಇದರಲ್ಲಿ ನಿಮ್ಮ ಮನೆ ಇಲ್ಲ, ಮಕ್ಕಳಿಲ್ಲ, ಆದ್ರೂ ಮನುಷ್ಯರೊಬ್ರು ಎದುರಿಗಿದಾರೆ ಅಂತ ಅವ್ರಿಗೆ ಗೊತ್ತಾಗತ್ತೆ. ಮೇಲೆ ಹೇಳಿದ ತಂದೆ ಸಾವಿನ ಜಾಗದಲ್ಲೂ ಇದೇ ಸಾಕು. ಬೇಜಾರಾದ್ದನ್ನೋ ಬೋರ್ ಆದ್ದನ್ನೋ ಹಾಗೇ ಎತ್ತಿ ಹಾಕ್ಬೇಡಿ ಮತ್ತೆ, ಸಿಟ್ಟು ಬಂದಿದ್ರೆ ಒಂದು ವಾರ ಇಟ್ಕೊಂಡು ನೋಡಿ.

ಹೆಜ್ಜೆ 5: ‘ಯಾವ ಜನ’ ಅಂತ ಕೇಳಿದ್ರೆ

ಇದಕ್ಕೆ ಒಂದೇ ಉತ್ತರ ಇಲ್ಲ, ಯಾರು ಕೇಳ್ತಿದಾರೆ ನೋಡಿ. ಹಳ್ಳಿ ಹಿರಿಯರು ಅಭ್ಯಾಸ ಬಲದಿಂದ ಕೇಳಿದ್ರೆ "ಅಜ್ಜ, ಇಲ್ಲಿ ಅದು ಲೆಕ್ಕಕ್ಕಿಲ್ಲ, ನೀವು ಯಾರಾದ್ರೂ ನಾನು ಹೀಗೇ ಮಾತಾಡ್ತೀನಿ" ಅಂತ ನಗ್ತಾ ಹೇಳಿ ಮುಂದಕ್ಕೆ ಹೋಗಿ. ಹೇಳ್ದೇ ಇರೋದಕ್ಕೆ ಕಾರಣ ಕೊಡ್ಬೇಕಿಲ್ಲ. ಅದ್ರಲ್ಲೂ ನೀವೇ ದಲಿತ ಸಮುದಾಯದಿಂದ ಬಂದೋರಾಗಿದ್ದು, ಹೇಳಿದ್ರೆ ಎದುರಿನೋರ ಮುಖ ಬದಲಾಗತ್ತೆ ಅಂತ ಗೊತ್ತಿದ್ರೆ, ನಿಮ್ಮ ನೆಮ್ಮದಿನೂ ಲೆಕ್ಕಕ್ಕೆ ಬರತ್ತೆ, ಪ್ರಾಮಾಣಿಕತೆ ಹೆಸರಲ್ಲಿ ಅವಮಾನ ನುಂಗ್ಬೇಕಾಗಿಲ್ಲ.

ಹಾಸ್ಟೆಲಲ್ಲಿ ಜಾತಿ ಹಿಡಿದು ಚುಚ್ಚಿಸ್ಕೊಂಡು ಬಂದ ಹುಡುಗ ಕೇಳಿದ್ರೆ ಪ್ರಶ್ನೆನೇ ಬೇರೆ. ಅವನು ಕೇಳ್ತಿರೋದು, ಇಲ್ಲಿ ಬಾಯಿ ಬಿಟ್ರೆ ನೀನೂ ‘ನೀನೇ ಸೆನ್ಸಿಟಿವ್ ಆಗಿದೀಯ’ ಅಂತೀಯಾ ಅಂತ. ಅವನಿಗೆ "ಇಲ್ಲಿ ಜಾತಿ ಇಲ್ಲ" ಅನ್ನೋದು ಬಾಗಿಲು ಹಾಕಿದ ಹಾಗೆ. ನೀವು ಮೇಲ್ಜಾತಿಯೋರಾಗಿದ್ರೆ ನನಗನ್ಸೋ ಪ್ರಕಾರ ಹೇಳೋದೇ ಒಳ್ಳೇದು: "ಈ ನೋವು ಅನುಭವಿಸಿದ ಮನೆಯಿಂದ ನಾನು ಬಂದಿಲ್ಲ. ನನಗೆ ಗೊತ್ತಾಗ್ದೇ ತಪ್ಪು ಮಾತು ಬಂದ್ರೆ ನಿಲ್ಸಿ ಹೇಳು. ನಿನಗೆ ಅದೇ ಅನುಭವ ಇರೋರೇ ಬೇಕು ಅಂದ್ರೆ ಹುಡುಕಿ ಕಳಿಸ್ಕೊಡ್ತೀನಿ, ಅದಕ್ಕೆ ನನಗೆ ಬೇಜಾರಿಲ್ಲ." ಗೇ, ಲೆಸ್ಬಿಯನ್, ಟ್ರಾನ್ಸ್ ಕ್ಲೈಂಟ್‌ಗಳು "ನೀವು ಇದರ ಬಗ್ಗೆ ಏನಂತೀರಿ" ಅಂತ ಮೊದಲ ಫೋನಲ್ಲೇ ಕೇಳೋದೂ ಇದೇ ಭಯಕ್ಕೆ. 2018ರಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದ್ಮೇಲೂ ‘ಸರಿ ಮಾಡ್ತೀವಿ’ ಅನ್ನೋ ಡಾಕ್ಟರುಗಳು ಇದ್ದೇ ಇದಾರೆ. ಅಲ್ಲಿ ನಿಮ್ಮ ನಿಲುವು ನಿಮ್ಮ ಖಾಸಗಿ ವಿಷಯ ಅಲ್ಲ, ನೇರವಾಗಿ ಹೇಳಿ.

ಹೆಜ್ಜೆ 6: ‘ನೀವು ಕುಡೀತೀರಾ ಸಾರ್?’

ಡಿ-ಅಡಿಕ್ಷನ್ ಸೆಂಟರಲ್ಲಿ ಕೆಲಸ ಮಾಡೋರಿಗೆ ಇದು ತಪ್ಪಿದ್ದಲ್ಲ. ಇಲ್ಲ ಅಂದ್ರೆ "ಕುಡೀದೋರಿಗೆ ಏನ್ ಗೊತ್ತು", ಯಾವಾಗ್ಲೋ ಒಂದೊಂದ್ಸಲ ಅಂದ್ರೆ "ನೀವು ಕುಡೀಬಹುದು, ನಾನ್ ಕುಡಿದ್ರೆ ರೋಗನಾ", ಮುಂಚೆ ಕುಡೀತಿದ್ದೆ ಬಿಟ್ಟೆ ಅಂದ್ರೆ "ಹೆಂಗ್ ಬಿಟ್ರಿ ಹೇಳಿ" ಅಂತ ನಿಮ್ಮ ಕಥೆನೇ ಇಡೀ ಸೆಷನ್. ಎಲ್ಲ ಕಡೆನೂ ಸಿಕ್ಕಾಕೊಳ್ತೀರಿ.

1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿ ಒಬ್ಬ ಕುಡುಕ ಇನ್ನೊಬ್ಬ ಕುಡುಕನಿಗೆ ತನ್ನ ಕಥೆ ಹೇಳೋದೇ ಔಷಧಿ, ನಮ್ಮ ಊರುಗಳಲ್ಲೂ ಆ ಮೀಟಿಂಗ್‌ಗಳು ನಡೀತವೆ. ಅಲ್ಲಿ ಎಲ್ರೂ ಹೇಳ್ತಾರೆ, ಎಲ್ರೂ ಕೇಳ್ತಾರೆ, ಯಾರೂ ಫೀಸು ಇಸ್ಕೊಳ್ಳಲ್ಲ. ಕೌನ್ಸೆಲರ್ ಕುರ್ಚಿ ಬೇರೆ. ಕುಡಿತ ಬಿಟ್ಟು ಕೌನ್ಸೆಲರ್ ಆದೋರು ಎರಡನ್ನೂ ಬೆರೆಸ್ಕೊಳ್ಳೋದು ಇಲ್ಲೇ. ಬಿಟ್ಟೋರಾದ್ರೆ "ಹೌದು, ನಾನೂ ಆ ದಾರೀಲಿ ಬಂದೋನು, ಬಿಟ್ಟು ವರ್ಷಗಳಾಯ್ತು. ಆದ್ರೆ ನನ್ನ ದಾರಿನೇ ನಿಮ್ಮ ದಾರಿ ಆಗ್ಬೇಕು ಅಂತಿಲ್ಲ. ನಿಮಗೆ ಸಾಯಂಕಾಲ ಆರು ಗಂಟೆಗೆ ಏನಾಗತ್ತೆ ಹೇಳಿ" ಅಷ್ಟು ಸಾಕು. ಉಳಿದೋರು ಹೇಳ್ಬಹುದಾದ್ದು: "ಅದಕ್ಕೆ ನಾನು ಉತ್ತರ ಕೊಡಲ್ಲ, ಯಾಕಂದ್ರೆ ಏನ್ ಹೇಳಿದ್ರೂ ನೀವು ನನ್ನ ಜೊತೆ ಹೋಲಿಸ್ಕೊಳ್ತೀರಿ. ನಿಮ್ಮ ಲಿವರ್ ರಿಪೋರ್ಟ್ ನನ್ನದಲ್ವಲ್ಲ."

ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನೋ ಥೆರಪಿ ಕಟ್ಟಿದ ಮಾರ್ಷಾ ಲಿನಹಾನ್ ವಿಷಯ ಇಲ್ಲಿ ನೆನಪಾಗತ್ತೆ. ತನ್ನನ್ನ ತಾನೇ ಗಾಯ ಮಾಡ್ಕೊಳ್ತಿದ್ದ ಹುಡುಗಿಯಾಗಿ ಹದಿಹರೆಯದಲ್ಲಿ ಆಸ್ಪತ್ರೆ ಸೇರಿದ್ದನ್ನ ಅವ್ರು ಸಾರ್ವಜನಿಕವಾಗಿ ಹೇಳಿದ್ದು 2011ರಲ್ಲಿ, ಅದೇ ಆಸ್ಪತ್ರೇಲಿ ನಿಂತು. ಅಷ್ಟೊತ್ತಿಗೆ ಅವರ ಥೆರಪಿ ಸಂಶೋಧನೇಲಿ ಗೆದ್ದಾಗಿತ್ತು, ಗಾಯ ಮಾಗಿತ್ತು. ಡಿಬಿಟಿಲಿ ಥೆರಪಿಸ್ಟ್ ತನ್ನ ಬಗ್ಗೆ ಹೇಳೋದಕ್ಕೆ ಜಾಗ ಇದೆ, ಆದ್ರೆ ಅದು ಕ್ಲೈಂಟಿನ ಉಪಯೋಗಕ್ಕೆ ಅಂತ ಲೆಕ್ಕ ಹಾಕಿ ಹೇಳೋದು, ಮನಸ್ಸಿಗೆ ಬಂದಾಗ ಅಲ್ಲ.

ಹೆಜ್ಜೆ 7: ಮುಚ್ಚಿಡೋಕಾಗದ ಸುದ್ದಿಗಳು

ಬಸುರಿ ಹೊಟ್ಟೆ, ಕೀಮೋ ತಗೊಂಡು ಉದುರಿದ ಕೂದಲು, ಕೈಗೆ ಬ್ಯಾಂಡೇಜು, ಮನೇಲಿ ಸಾವಾಗಿ ದಿಢೀರ್ ರಜ. ಇದನ್ನ ಹೇಳ್ಬೇಕಾ ಬೇಡ್ವಾ ಅನ್ನೋ ಚರ್ಚೆನೇ ಇಲ್ಲ, ಯಾವಾಗ ಹೇಗೆ ಅನ್ನೋದಷ್ಟೇ. ಅವ್ರು ಬೇರೆ ಕಡೆ ಕೇಳಿ ತಿಳ್ಕೊಳ್ಳೋ ಮುಂಚೆ ನೀವೇ ಹೇಳಿ, ಸೆಷನ್ ಮುಗಿಯೋ ಹೊತ್ತಿಗಲ್ಲ, ಶುರುಲೇ, ಮಾತಾಡೋಕೆ ಟೈಮ್ ಇರ್ಬೇಕು. "ನಾನು ಗರ್ಭಿಣಿ, ಮಾರ್ಚಿಂದ ಆರು ತಿಂಗಳು ರಜ ಇರ್ತೀನಿ. ಆ ಟೈಮಲ್ಲಿ ನಿಮ್ಮನ್ನ ನೋಡೋಕೆ ಇಂಥೋರಿದಾರೆ. ಇದನ್ನ ಕೇಳಿ ನಿಮಗೆ ಏನನ್ಸ್ತು, ಸಿಟ್ಟು ಬಂದಿದ್ರೂ ಹೇಳಿ." ಮಗು ಆಗ್ದೇ ಒದ್ದಾಡ್ತಿರೋ ಕ್ಲೈಂಟ್ ಇದ್ರೆ ಅವ್ರಿಗೆ ಎಲ್ರಿಗಿಂತ ಮೊದ್ಲು, ಹೊಟ್ಟೆ ಕಾಣೋ ಮುಂಚೆ. ಉಡುಗೊರೆ ತಂದುಕೊಡ್ತಾರೆ, ಹೆಸರು ಸೂಚಿಸ್ತಾರೆ, ಗಂಡೋ ಹೆಣ್ಣೋ ಅಂತ ಹೊಟ್ಟೆ ನೋಡಿ ಹೇಳ್ತಾರೆ, ನಗ್ತಾ ಕೇಳಿಸ್ಕೊಂಡು ಕೆಲಸಕ್ಕೆ ವಾಪಸ್ ಬನ್ನಿ.

ಕಾಯಿಲೆ ಆದ್ರೆ ಹೆಸರು ಹೇಳ್ಬೇಕು ಅಂತಿಲ್ಲ, "ಆರೋಗ್ಯದ ಕಾರಣಕ್ಕೆ" ಸಾಕು, ಆದ್ರೆ ವಾಪಸ್ ಬರ್ತೀನಾ ಇಲ್ವಾ ಅನ್ನೋದು ಮಾತ್ರ ಸ್ಪಷ್ಟ ಇರ್ಬೇಕು.

ಹೆಜ್ಜೆ 8: ಹೇಳಿದ್ದನ್ನ ಬರೆದಿಡಿ, ಜಾಸ್ತಿ ಆಗಿದ್ರೆ ಸರಿ ಮಾಡಿ

ಸೆಷನ್ ನೋಟ್ಸಲ್ಲಿ ಒಂದು ಸಾಲು: ಏನ್ ಹೇಳಿದೆ, ಯಾಕೆ ಹೇಳಿದೆ, ಅವ್ರು ಹೇಗೆ ತಗೊಂಡ್ರು. ‘ಯಾಕೆ’ ಅನ್ನೋ ಜಾಗ ತುಂಬೋಕೆ ಆಗ್ದಿದ್ರೆ ಅದೇ ಸುಳಿವು. 1993ರಲ್ಲಿ ಗುಥೈಲ್, ಗ್ಯಾಬಾರ್ಡ್ ಅನ್ನೋ ಇಬ್ರು ಸೈಕಿಯಾಟ್ರಿಸ್ಟ್‌ಗಳು ಒಂದು ಒಳ್ಳೇ ವ್ಯತ್ಯಾಸ ಮಾಡಿದ್ರು: ಗೆರೆ ದಾಟಿದ್ದೆಲ್ಲ ಅಪರಾಧ ಅಲ್ಲ, ಕೆಲವು ದಾಟುವಿಕೆ ಕ್ಲೈಂಟ್‌ಗೆ ಒಳ್ಳೇದೇ ಮಾಡತ್ತೆ, ಆದ್ರೆ ಅವ್ರನ್ನ ಬಳಸ್ಕೊಳ್ಳೋ, ಅವ್ರಿಗೆ ಹಾನಿ ಮಾಡೋ ದಾಟುವಿಕೆ ಉಲ್ಲಂಘನೆ. ಬಾಯಿಬಿಟ್ಟು ಇಬ್ರೂ ಕೂತು ಚರ್ಚೆ ಮಾಡ್ಬಹುದಾದ್ದಾ, ಮುಚ್ಚಿಡ್ಬೇಕು ಅನ್ಸತ್ತಾ ಅನ್ನೋದನ್ನ ನೋಡಿದ್ರೇನೇ ಅರ್ಧ ಗೊತ್ತಾಗತ್ತೆ.

ಜಾಸ್ತಿ ಹೇಳ್ಬಿಟ್ರಿ ಅಂತ ಮನೆಗೆ ಹೋದ್ಮೇಲೆ ಅನ್ಸಿದ್ರೆ ರಾತ್ರಿ ವಾಟ್ಸಾಪಲ್ಲಿ ಸಾರಿ ಕಳಿಸ್ಬೇಡಿ. ಮುಂದಿನ ಸೆಷನ್ನಲ್ಲಿ, "ಹೋದ್ಸಲ ನನ್ನ ಬಗ್ಗೆ ಜಾಸ್ತಿ ಮಾತಾಡ್ದೆ, ಅದು ನಿಮ್ಮ ಟೈಮು. ಹೋಗುವಾಗ ನಿಮಗೇನಾದ್ರೂ ಭಾರ ಅನ್ಸಿತಾ?" ಅಂತ ಕೇಳಿ ಸುಮ್ನಿರಿ. "ಇಲ್ಲ ಇಲ್ಲ ಮೇಡಂ ಪರವಾಗಿಲ್ಲ" ಅಂತಾರೆ, ಮರ್ಯಾದೆಗೆ. ಇನ್ನೊಂದು ಸ್ವಲ್ಪ ಕಾಯಿರಿ.

ಥೆರಪಿಗೆ ಹೋಗ್ತಿರೋರಿಗೆ

ನೀವು ಏನ್ ಬೇಕಾದ್ರೂ ಕೇಳ್ಬಹುದು, ಕೇಳೋದು ತಪ್ಪಲ್ಲ. ಓದು, ಅನುಭವದ ಪ್ರಶ್ನೆಗೆ ಉತ್ತರ ಕೊಡ್ದೇ ಜಾರ್ಕೊಂಡ್ರೆ ಬೇರೆಯೋರನ್ನ ನೋಡಿ. ಮನೆ ವಿಷಯಕ್ಕೆ ಉತ್ತರ ಕೊಡ್ಲಿಲ್ಲ ಅಂದ್ರೆ ನಿಮ್ಮ ಮೇಲೆ ಕೋಪ ಅಂತಲ್ಲ.

ಎಚ್ಚರ ಆಗ್ಬೇಕಾದ್ದು ಯಾವಾಗ ಅಂದ್ರೆ, ಮನೆಗೆ ಹೋಗ್ತಾ ನಿಮ್ಮ ಸಮಸ್ಯೆಗಿಂತ ಅವ್ರ ಸಮಸ್ಯೆನೇ ತಲೇಲಿ ಸುತ್ತೋಕೆ ಶುರುವಾದ್ರೆ. ಅವ್ರಿಗೆ ಬೇಜಾರಾಗತ್ತೆ ಅಂತ ನಿಮ್ಮ ಮಾತು ನುಂಗ್ಕೊಳ್ತಿದ್ರೆ. ಗಂಡನ ಜೊತೆ ಸರಿ ಇಲ್ಲ, ಒಂಟಿ ಇದೀನಿ ಅಂತ ಹೇಳೋಕೆ ಶುರು ಮಾಡಿದ್ರೆ, ಸಾಲ ಕೇಳಿದ್ರೆ, ಸೈಟು ಚೀಟಿ ಪಾಲಿಸಿ ಅಂತ ತಂದ್ರೆ, ಯಾರಿಗೂ ಹೇಳ್ಬೇಡಿ ಅಂದ್ರೆ. ಮೊದಲ ಎರಡಕ್ಕೆ "ಮೇಡಂ, ನನ್ನ ವಿಷಯಕ್ಕೆ ವಾಪಸ್ ಬರೋಣ್ವಾ" ಅಂತ ಹೇಳಿ ನೋಡಿ, ಒಳ್ಳೇ ಥೆರಪಿಸ್ಟ್ ಆದ್ರೆ ಥ್ಯಾಂಕ್ಸ್ ಹೇಳ್ತಾರೆ. ಉಳಿದವಕ್ಕೆ ಹೇಳಿ ನೋಡೋದು ಬೇಡ, ಅಲ್ಲಿಂದ ಎದ್ದು ಬನ್ನಿ. ಸೈಕಿಯಾಟ್ರಿಸ್ಟ್ ಆಗಿದ್ರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ, ಆರ್‌ಸಿಐ ರಿಜಿಸ್ಟ್ರೇಷನ್ ಇರೋ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ರೆ ಆರ್‌ಸಿಐಗೆ ದೂರು ಕೊಡ್ಬಹುದು, ಆಸ್ಪತ್ರೆಯ ಕೆಲಸದೋರಾದ್ರೆ ಅಲ್ಲಿನ ಮುಖ್ಯಸ್ಥರಿಗೆ ಬರವಣಿಗೇಲಿ ಕೊಡಿ, ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಕೊಂಡಿರಿ. ಹೊಸ ಥೆರಪಿಸ್ಟ್ ಸಿಗೋವರೆಗೂ ಯಾರ ಹತ್ರಾನಾದ್ರೂ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಟೆಲಿ ಮಾನಸ್ ನಂಬರ್ 14416, ದಿನದ 24 ಗಂಟೆನೂ ಇರತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.